ಪೋಷಕರ ಸಹಿ

ನಾನು ಸಿನಿಮಾ ನೋಡುವವಳಲ್ಲ ಎಂಬುದು ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ತಿಳಿದ ಸಂಗತಿಯೇ. ಮದುವೆಯಾದ ಹೊಸತರಲ್ಲಿ ವರ್ಷಕ್ಕೆ ಎರಡೋ ಮೂರೋ ಚಿತ್ರ ನೋಡಿದ್ದುಂಟು. ಆಮೇಲೆ ಉತ್ತರಪತ್ರಿಕೆಗಳ ಕಟ್ಟುಗಳೇ ನನ್ನ ಸಂಜೆಗಳನ್ನು ನುಂಗಿಹಾಕಿದವು. ಹೀಗಿರುವಾಗ ಕಳೆದ ತಿಂಗಳು ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದವಳು, "ಟೀಚರ್, ಇದನ್ನು ನೀವು ನೋಡಲೇಬೇಕು, ಇದರಲ್ಲಿ ಸ್ಕೂಲಿದೆ" ಎಂದು ತನ್ನ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ತೆರೆದಿಟ್ಟುಬಿಟ್ಟಳು. ಸ್ಕೂಲಿದೆ ಎಂದರೆ ನಾನು ಇಲ್ಲವೆನ್ನಲಾರೆ ಎಂಬ ಲೆಕ್ಕಾಚಾರ ಅವಳದು. ಲೆಕ್ಕ ಸರಿಯಾಗಿಯೇ ಇತ್ತು.

ಚಿತ್ರದ ಹೆಸರು 'ನೋವೇರ್ ಬಾಯ್'. 2009ರಲ್ಲಿ ತೆರೆಕಂಡ ಇಂಗ್ಲಿಷ್ ಚಿತ್ರ. ಬೀಟಲ್ಸ್ ತಂಡದ ಜಾನ್ ಲೆನನ್ ಹದಿಹರೆಯದಲ್ಲಿ ಹೇಗಿದ್ದ ಎಂಬುದು ಅದರ ವಸ್ತು. ನನಗೆ ಬೀಟಲ್ಸ್ ಹಾಡುಗಳ ಪರಿಚಯ ಅಷ್ಟಕ್ಕಷ್ಟೇ. 1980ರ ಡಿಸೆಂಬರಿನಲ್ಲಿ, ನಾನು ಬಿ.ಎಡ್. ಓದುತ್ತಿದ್ದಾಗ, ನ್ಯೂಯಾರ್ಕಿನಲ್ಲಿ ಅವನನ್ನು ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದ ಸುದ್ದಿಯನ್ನು ಹಾಸ್ಟೆಲಿನ ಪತ್ರಿಕೆಯಲ್ಲಿ ಓದಿದ ನೆನಪಿದೆ. ಪಕ್ಕದ ಕೋಣೆಯ ಹುಡುಗಿಯೊಬ್ಬಳು ಅಂದು ಊಟ ಬಿಟ್ಟಿದ್ದಳು. ಯಾರೋ ಪರದೇಶದ ಹಾಡುಗಾರನಿಗಾಗಿ ಇವಳೇಕೆ ಉಪವಾಸವಿರಬೇಕೆಂದು ನಾವೆಲ್ಲ ನಕ್ಕಿದ್ದೆವು. ಆ ನಗೆ ಈಗ ಸರಿಯೆನಿಸುವುದಿಲ್ಲ.

ಚಿತ್ರವನ್ನು ನಿರ್ದೇಶಿಸಿದವರು ಸ್ಯಾಮ್ ಟೇಲರ್-ವುಡ್ ಎಂಬ ಮಹಿಳೆ. ಛಾಯಾಚಿತ್ರ ಕಲಾವಿದೆಯಾಗಿ ಹೆಸರು ಮಾಡಿದ್ದ ಆಕೆಗೆ ಇದು ಮೊದಲ ಪೂರ್ಣಪ್ರಮಾಣದ ಚಿತ್ರ. ಜಾನ್‌ನ ತಾಯಿಯ ಮತ್ತೊಬ್ಬ ಮಗಳು ಜೂಲಿಯಾ ಬೇರ್ಡ್ ಬರೆದ ನೆನಪುಗಳ ಪುಸ್ತಕವನ್ನು ಆಧರಿಸಿ ಮ್ಯಾಟ್ ಗ್ರೀನ್‌ಹಾಲ್ಜ್ ಚಿತ್ರಕಥೆ ಬರೆದಿದ್ದಾರೆ. ಇಡೀ ಚಿತ್ರದಲ್ಲಿ 'ಬೀಟಲ್ಸ್' ಎಂಬ ಹೆಸರು ಒಮ್ಮೆಯೂ ಬಾಯಿಗೆ ಬರುವುದಿಲ್ಲ. ಜಗತ್ತು ಕೇಳಿ ಮೆಚ್ಚಿದ ಹಾಡುಗಳೂ ಇಲ್ಲ. ಆರಂಭದಲ್ಲಿ ಅವರ ಒಂದು ಪ್ರಸಿದ್ಧ ಹಾಡಿನ ಮೊದಲ ಸ್ವರಮೇಳ ಒಮ್ಮೆ ಝಲ್ಲೆಂದು ಕೇಳಿಸುತ್ತದೆ, ಅಷ್ಟೇ. ಅಭಿಮಾನಿಗಳಿಗೆ ಇದು ನಿರಾಸೆಯಾದೀತು, ನನ್ನಂಥವಳಿಗೆ ಉಪಕಾರವೇ ಆಯಿತು. ಏನೂ ಗೊತ್ತಿಲ್ಲದವಳೂ ಒಬ್ಬ ಹುಡುಗನ ಕಥೆಯಾಗಿ ಅದನ್ನು ನೋಡಬಹುದು.

ಕಥೆಯಾದರೂ ಏನು? ಇಬ್ಬರು ತಾಯಂದಿರ ನಡುವಿನ ಒಬ್ಬ ಹುಡುಗ. ಜಾನ್ ಹುಟ್ಟಿದ್ದು 1940ರ ಅಕ್ಟೋಬರ್ 9ರಂದು, ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲಿನಲ್ಲಿ. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ತಂದೆ ಆಲ್ಫ್ರೆಡ್ ಹಡಗಿನಲ್ಲಿ ನೌಕರ, ವರ್ಷದಲ್ಲಿ ಬಹುಕಾಲ ಸಮುದ್ರದ ಮೇಲೆ. ತಾಯಿ ಜೂಲಿಯಾ ಹಾಡು, ಕುಣಿತ, ನಗು ಇವುಗಳಲ್ಲೇ ಉಸಿರಾಡುವ ಹೆಣ್ಣು. ದಾಂಪತ್ಯ ಮುರಿಯಿತು. ಐದು ವರ್ಷದ ಹುಡುಗನನ್ನು ಜೂಲಿಯಾಳ ಹಿರಿಯಕ್ಕ ಮೇರಿ, ಮನೆಯವರೆಲ್ಲರ ಬಾಯಲ್ಲಿ ಮಿಮಿ, ತನ್ನ ಮನೆಗೆ ಕರೆತಂದಳು. ಸ್ಟ್ಯಾನ್ಲಿ ಮನೆತನದ ಐವರು ಅಕ್ಕತಂಗಿಯರಲ್ಲಿ ಇವಳೇ ಹಿರಿಯಳು. ಸ್ವಂತ ಮಕ್ಕಳಿಲ್ಲ. ಗಂಡ ಜಾರ್ಜ್ ಸ್ಮಿತ್, ಹಾಲಿನ ವ್ಯಾಪಾರದ ಕುಟುಂಬದವನು, ಮೃದು ಸ್ವಭಾವದವನು. ವುಲ್ಟನ್ ಬಡಾವಣೆಯ ಮೆನ್‌ಲವ್ ಅವೆನ್ಯೂ ರಸ್ತೆಯ 251ನೆಯ ಸಂಖ್ಯೆಯ ಆ ಮನೆಗೆ 'ಮೆಂಡಿಪ್ಸ್' ಎಂದು ಹೆಸರು. ಜೂಲಿಯಾ ಬಾಬಿ ಡೈಕಿನ್ಸ್ ಎಂಬವನೊಂದಿಗೆ ಬೇರೆ ಸಂಸಾರ ಹೂಡಿ ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತಳು. ಅವಳ ಮನೆಗೂ ಮೆಂಡಿಪ್ಸಿಗೂ ಎರಡು ಮೈಲಿಯ ಅಂತರವೂ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಇಂಗ್ಲಿಷಿನವರಿಗೆ ಮಿಮಿ ಒಬ್ಬ 'ಆಂಟ್'. ಆ ಒಂದೇ ಶಬ್ದದಲ್ಲಿ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲರೂ ಕರಗಿಹೋಗುತ್ತಾರೆ. ನಮ್ಮ ಭಾಷೆಯಲ್ಲಿ ಆಕೆ ದೊಡ್ಡಮ್ಮ. ಅಮ್ಮ ಎಂಬುದು ಆ ಶಬ್ದದೊಳಗೇ ಕುಳಿತಿದೆ. ಮಿಮಿ ಕನ್ನಡದಲ್ಲಿ ಹುಟ್ಟಿದ್ದರೆ, ತನ್ನನ್ನು ಆ ಹುಡುಗ ಏನೆಂದು ಕರೆಯಬೇಕು ಎಂಬ ಸಂಕಟದಲ್ಲಿ ಅರ್ಧವಾದರೂ ಕಡಿಮೆಯಾಗುತ್ತಿತ್ತೇನೋ! ಆದರೆ ಉಳಿದರ್ಧ ನಮ್ಮಲ್ಲಿಯೂ ಇದ್ದೇ ಇದೆ. ದೇವಕಿ ಯಶೋದೆಯರ ಕಥೆಯನ್ನು ಭಕ್ತಿಯಿಂದ ಕೇಳುತ್ತೇವೆ. ಕುಂತಿ ನದಿಯ ದಂಡೆಗೆ ಬಂದು ಕರ್ಣನ ಮುಂದೆ ನಿಂತಾಗ ಕಣ್ಣೊರೆಸಿಕೊಳ್ಳುತ್ತೇವೆ. ಅದೇ ಕಥೆ ಪಕ್ಕದ ಬೀದಿಯಲ್ಲಿ ನಡೆದರೆ ಪಿಸುಮಾತಾಗುತ್ತದೆ.

ಚಿತ್ರದಲ್ಲಿ ಮಿಮಿಯ ಪಾತ್ರವನ್ನು ಕ್ರಿಸ್ಟಿನ್ ಸ್ಕಾಟ್ ಥಾಮಸ್ ನಿರ್ವಹಿಸಿದ್ದಾರೆ. ಬೆನ್ನು ನೆಟ್ಟಗೆ, ಮಾತು ಚುಟುಕು, ಮನೆಯಲ್ಲಿ ಒಂದು ಬಟ್ಟಲೂ ಸ್ಥಳ ಬಿಟ್ಟು ಕದಲಬಾರದು. 1955ರಲ್ಲಿ ಜಾರ್ಜ್ ಹಠಾತ್ತನೆ ತೀರಿಕೊಂಡಾಗ, ಅಪ್ಪನಂತಿದ್ದವನನ್ನು ಕಳೆದುಕೊಂಡ ಹುಡುಗ ಅಳುತ್ತ ತಬ್ಬಿಕೊಳ್ಳಲು ಬಂದರೆ ಅವಳಿಗೆ ಹೇಗೆ ಸಂತೈಸಬೇಕೆಂದೇ ತಿಳಿಯದು. ಅವಳಿಗೆ ದುಃಖವಿಲ್ಲವೆಂದಲ್ಲ. ಕೆಲವರಿಗೆ ದುಃಖವೆಂದರೆ ಪಾತ್ರೆ ತೊಳೆಯುವ ಕೆಲಸ, ಎಲ್ಲರೂ ಮಲಗಿದ ಮೇಲೆ ಒಬ್ಬರೇ ಮಾಡುವಂಥದು. ನನ್ನ ತಲೆಮಾರಿನ ಅನೇಕ ಹೆಂಗಸರು ಹಾಗೆಯೇ ಇದ್ದರು, ಬಂಧುಗಳಿಗೆ ನಾನು ಹೆಸರು ಹೇಳಬೇಕಾಗಿಲ್ಲ.

ಜೂಲಿಯಾಳ ಪಾತ್ರದಲ್ಲಿ ಆನ್-ಮರಿ ಡಫ್. ಸೋದರ ಸಂಬಂಧಿಯೊಬ್ಬ ದಾರಿ ತೋರಿಸಿದ ಮೇಲೆ ಹುಡುಗ ಅವಳ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಅವಳು ಅವನನ್ನು ಕಾಣುತ್ತಲೇ ಹಬ್ಬ ಮಾಡಿಬಿಡುತ್ತಾಳೆ. ಬ್ಲ್ಯಾಕ್‌ಪೂಲಿನ ಕಡಲ ತೀರಕ್ಕೆ ಕರೆದೊಯ್ಯುತ್ತಾಳೆ, ಎಲ್ವಿಸ್ ಪ್ರೀಸ್ಲಿಯ ಹಾಡು ಕೇಳಿಸುತ್ತಾಳೆ, ಕೈಗೆ ಬ್ಯಾಂಜೋ ಕೊಟ್ಟು ನುಡಿಸಲು ಕಲಿಸುತ್ತಾಳೆ. ಈ ಕಲಿಕೆಯ ದೃಶ್ಯವನ್ನು ಶಿಕ್ಷಕಿಯಾಗಿ ನಾನು ಮರೆಯಲಾರೆ. ಹುಡುಗ ಒಂದೇ ಕಡೆ ಕುಳಿತಿದ್ದಾನೆ, ಬೆರಳುಗಳು ತಂತಿಯ ಮೇಲೆ ತಡವರಿಸುತ್ತಿವೆ. ಸುತ್ತಲೂ ಮನೆಯ ಜನ ವೇಗವಾಗಿ ಓಡಾಡುತ್ತಾರೆ, ಹೊತ್ತು ಸರಿದುಹೋಗುತ್ತದೆ, ಅವನು ಮಾತ್ರ ಕದಲುವುದಿಲ್ಲ. ಶಾಲೆಯಲ್ಲಿ ಐದು ನಿಮಿಷ ಕೂರಲಾಗದ ಹುಡುಗನೆಂದು ಎಲ್ಲರೂ ಬರೆದಿಟ್ಟ ಹುಡುಗ ಅವನೇ. ತಾಯಿಯಿಂದ ಕಲಿತ ಆ ಬ್ಯಾಂಜೋ ಕ್ರಮದಲ್ಲೇ ಅವನು ಮುಂದೆ ಗಿಟಾರನ್ನೂ ಶ್ರುತಿ ಮಾಡಿಕೊಂಡು ಬಹುಕಾಲ ನುಡಿಸುತ್ತಿದ್ದನಂತೆ. ಸರಿಯಾದ ಕ್ರಮ ಕಲಿತದ್ದು ಪಾಲ್ ಮೆಕಾರ್ಟ್ನಿಯ ಪರಿಚಯವಾದ ಮೇಲೆ.

ಶಾಲೆಯ ಮಾತು ಬಂತು. ಅವನು ಓದಿದ್ದು ಕ್ವಾರಿ ಬ್ಯಾಂಕ್ ಹೈಸ್ಕೂಲಿನಲ್ಲಿ. ಶಿಕ್ಷಕರ ವ್ಯಂಗ್ಯಚಿತ್ರ ಬರೆದು, ತಮಾಷೆಯ ಬರಹ ಸೇರಿಸಿ, 'ಡೈಲಿ ಹೌಲ್' ಎಂಬ ಕೈಬರಹದ ಪತ್ರಿಕೆ ಮಾಡಿ ಗೆಳೆಯರಿಗೆ ಹಂಚುತ್ತಿದ್ದ. ಅವನು ಹದಿನೈದರ ವಯಸ್ಸಿನಲ್ಲಿ ಪಡೆದ ಶಿಕ್ಷೆಗಳನ್ನು ದಾಖಲಿಸಿದ ಶಾಲೆಯ ಹಾಳೆಗಳು 2013ರಲ್ಲಿ ಹರಾಜಾದವು ಎಂದು ಓದಿ ಬೆರಗಾದೆ. ತರಗತಿಯಲ್ಲಿ ಜಗಳ, ಕೀಟಲೆ, ಆಸಕ್ತಿಯಿಲ್ಲ ಎಂದೆಲ್ಲ ಶಿಕ್ಷಕರು ಕಾರಣ ನಮೂದಿಸಿದ್ದಾರೆ. ಕೆಲವು ದಿನ ಒಂದಕ್ಕಿಂತ ಹೆಚ್ಚು ಬಾರಿ ಶಿಕ್ಷೆಯಾಗಿದೆ. ಹಳೆಯ ಕಾಗದಗಳನ್ನು ಸುಡಬೇಕೆಂದಾಗ ಒಬ್ಬ ಶಿಕ್ಷಕರು ಆ ಹೆಸರು ಕಂಡು ಹಾಳೆ ಹರಿದಿಟ್ಟುಕೊಂಡರಂತೆ. ಆ ಷರಾಗಳನ್ನು ಬರೆದ ನನ್ನ ವೃತ್ತಿಬಾಂಧವರ ಮೇಲೆ ನನಗೆ ಕೋಪವಿಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಜಾನ್ ಲೆನನ್ ಇದ್ದರೆ ಏನಾಗುತ್ತದೆಂಬುದು ಹೊರಗಿನಿಂದ ನೋಡುವವರಿಗೆ ತಿಳಿಯದು. ಅವನು ಸಾಮಾನ್ಯ ಮಟ್ಟದ ಪರೀಕ್ಷೆಯ ಎಲ್ಲ ವಿಷಯಗಳಲ್ಲೂ ನಪಾಸಾದ. ಆದರೂ ಮುಖ್ಯೋಪಾಧ್ಯಾಯ ಪಾಬ್‌ಜಾಯ್ ಅವರು ಕೈಬಿಡದೆ 1957ರಲ್ಲಿ ಅವನಿಗೆ ಲಿವರ್‌ಪೂಲ್ ಕಲಾಶಾಲೆಯಲ್ಲಿ ಪ್ರವೇಶ ಸಿಗುವಂತೆ ನೋಡಿಕೊಂಡರು. ಚಿತ್ರದಲ್ಲಿ ಮುಖ್ಯೋಪಾಧ್ಯಾಯರು ಗದರಿಸುವುದು ಕಾಣುತ್ತದೆ, ಈ ಉಪಕಾರ ಕಾಣುವುದಿಲ್ಲ. ಶಾಲೆಯ ಬಗ್ಗೆ ಸಿನಿಮಾದವರು ಯಾವಾಗಲೂ ಹೀಗೆಯೇ.

ಶಾಲೆಯಿಂದ ಕೆಲಕಾಲ ಹೊರಗಿಟ್ಟಾಗ ಹುಡುಗ ಅದನ್ನು ಮಿಮಿಗೆ ಹೇಳದೆ ತಾಯಿಯ ಮನೆಗೆ ಹೋಗಿ ದಿನ ಕಳೆಯುತ್ತಾನೆ. ತಾಯಿ ಗದರಿಸುವುದಿಲ್ಲ, ಗುಟ್ಟಿನಲ್ಲಿ ಪಾಲುದಾರಳಾಗುತ್ತಾಳೆ. ಈ ಭಾಗಕ್ಕೆ ಬಂದಾಗ ನಾನು ಚಿತ್ರ ನಿಲ್ಲಿಸಲು ಹೇಳಿದೆ. ನೀರು ಕುಡಿಯುವ ನೆಪ ಮಾಡಿದೆ. ನಿಜವಾದ ಕಾರಣ ಬೇರೆಯಿತ್ತು. ಇಲ್ಲಿಯವರೆಗೆ ಯಾರಿಗೂ ಹೇಳದ ಆ ಕಾರಣವನ್ನು ಇಲ್ಲಿ ಬರೆಯುತ್ತೇನೆ.

1992ರ ಸುಮಾರು. ನಾನು ಒಂಬತ್ತನೆಯ ತರಗತಿಯ ಕ್ಲಾಸ್ ಟೀಚರ್. ಊರು, ಶಾಲೆ, ಹುಡುಗನ ಹೆಸರು ಬೇಡ. ಗುರುತು ಹಿಡಿಯಬಲ್ಲವರು ಕೂಡ ದಯವಿಟ್ಟು ಸುಮ್ಮನಿರಬೇಕೆಂದು ಕೋರುತ್ತೇನೆ. ಅವನು ದೊಡ್ಡಮ್ಮನ ಮನೆಯಲ್ಲಿದ್ದು ಓದುತ್ತಿದ್ದ. ದಾಖಲಾತಿ ಪುಸ್ತಕದಲ್ಲಿ ಪೋಷಕರು ಎಂಬಲ್ಲಿ ಆಕೆಯ ಹೆಸರಿತ್ತು. ತಂದೆ ಇಲ್ಲ, ತಾಯಿ ಇಲ್ಲ ಎಂದು ನಾನೇ ತಿಳಿದುಕೊಂಡಿದ್ದೆ, ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಗಣಿತ ಮತ್ತು ವಿಜ್ಞಾನದಲ್ಲಿ ಅವನಿಗೆ ತೀರ ಕಡಿಮೆ ಅಂಕ ಬಂದವು. ಪ್ರಗತಿಪತ್ರ ಸಹಿಯಾಗಿ ಮರಳಿ ಬಂದಾಗ ನೋಡಿದರೆ, ದೊಡ್ಡಮ್ಮನ ದುಂಡನೆಯ, ನಿಧಾನದ ಅಕ್ಷರಗಳಲ್ಲ. ಓರೆಯಾಗಿ ಬಾಗಿದ ಬೇರೊಂದು ಸಹಿ.

"ಯಾರ ಸಹಿ ಇದು?" ಎಂದು ತರಗತಿಯ ಎದುರಿಗೇ ಕೇಳಿದೆ.

"ನಮ್ಮಮ್ಮಂದು, ಟೀಚರ್."

"ಸುಳ್ಳು ಬೇರೆ ಹೇಳ್ತೀಯಾ?"

ಅವನು ಮತ್ತೆ ಮಾತಾಡಲಿಲ್ಲ. ನಾನು ಆ ಸಹಿಯ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಮರುದಿನ ದೊಡ್ಡಮ್ಮನನ್ನು ಕರೆತರಲು ಹೇಳಿದೆ. ಆಕೆ ಬಂದರು. ಸೀರೆಯ ಸೆರಗನ್ನು ಬಿಗಿಯಾಗಿ ಹೊದ್ದು ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತರು, ಕುರ್ಚಿ ಕೊಟ್ಟರೂ ಕೂರಲಿಲ್ಲ. ನಾನು ಕಾರ್ಡು ಕೊಟ್ಟೆ. ಆಕೆ ಅಂಕಗಳನ್ನು ನೋಡಲೇ ಇಲ್ಲ. ಆ ಸಹಿಯನ್ನು ನೋಡುತ್ತ ನಿಂತರು. ಆಮೇಲೆ ಬಹಳ ಮೆಲ್ಲಗೆ, "ಇದು ನನ್ನ ತಂಗಿಯ ಕೈಬರಹ" ಎಂದರು.

ತಂಗಿ ಅದೇ ಊರಿನಲ್ಲಿ, ಕೆರೆಯ ಆಚೆ ದಡದಲ್ಲಿ, ಬೇರೆಯೊಬ್ಬರೊಂದಿಗೆ ಸಂಸಾರ ಮಾಡಿಕೊಂಡಿದ್ದರು. ಅಕ್ಕತಂಗಿಯರಿಗೆ ಒಂಬತ್ತು ವರ್ಷಗಳಿಂದ ಮಾತಿರಲಿಲ್ಲ. ಹುಡುಗ ಶುಕ್ರವಾರ ಮಧ್ಯಾಹ್ನಗಳಲ್ಲಿ ಹೊಟ್ಟೆನೋವೆಂದು ನನ್ನಿಂದ ರಜೆ ಪಡೆದು ಹೋಗುತ್ತಿದ್ದುದು ಅಲ್ಲಿಗೆ. ದೊಡ್ಡಮ್ಮನಿಗೆ ಅದು ಗೊತ್ತಾದದ್ದು ನನ್ನಿಂದ, ಆ ಬಾಗಿಲಲ್ಲಿ, ಹುಡುಗನ ಎದುರಿಗೆ.

ಅಂದಿನಿಂದ ಅವನು ಒಂದು ಶುಕ್ರವಾರವೂ ತಪ್ಪಿಸಲಿಲ್ಲ. ಹಾಜರಾತಿ ನೂರಕ್ಕೆ ನೂರು. ಮುಖ್ಯೋಪಾಧ್ಯಾಯರು ನನ್ನನ್ನು ಹೊಗಳಿದರು, ನಾನೂ ಬೀಗಿದೆ. ಆದರೆ ಮುಂದಿನ ಒಂದೂವರೆ ವರ್ಷ ಅವನು ನನ್ನ ತರಗತಿಯಲ್ಲಿ ಹಾಜರಿ ಕೂಗಿದಾಗ "ಪ್ರೆಸೆಂಟ್" ಎಂಬ ಒಂದು ಮಾತನ್ನು ಬಿಟ್ಟು ಮತ್ತೇನನ್ನೂ ನುಡಿಯಲಿಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಿದ್ದ, ಕೂರು ಎಂದರೆ ಕೂರುತ್ತಿದ್ದ.

ಮತ್ತೆ ಚಿತ್ರಕ್ಕೆ ಬರುತ್ತೇನೆ. 1957ರ ಜುಲೈ 6ರಂದು ವುಲ್ಟನ್ನಿನ ಸೇಂಟ್ ಪೀಟರ್ಸ್ ಚರ್ಚಿನ ಉತ್ಸವದಲ್ಲಿ ಜಾನ್ ತನ್ನ 'ಕ್ವಾರಿಮೆನ್' ತಂಡದೊಂದಿಗೆ ಹಾಡುತ್ತಾನೆ. ಬಟ್ಟೆ ಒಗೆಯುವ ತಗಡಿನ ಹಲಗೆ, ಚಹಾಪುಡಿಯ ಮರದ ಪೆಟ್ಟಿಗೆ, ಇವೇ ಅವರ ವಾದ್ಯಗಳು. ಅಲ್ಲಿಯೇ ಹದಿನೈದರ ಪಾಲ್ ಪರಿಚಯವಾಗುವುದು. ಪಾಲ್ ತನ್ನ ತಾಯಿಯನ್ನು ಕಳೆದುಕೊಂಡು ಆಗಿನ್ನೂ ಒಂದು ವರ್ಷವಾಗಿರಲಿಲ್ಲ. ತಾಯಿಯಿಲ್ಲದ ಒಬ್ಬ ಹುಡುಗ, ಇಬ್ಬರು ತಾಯಂದಿರಿರುವ ಇನ್ನೊಬ್ಬ. ಈ ಸ್ನೇಹ ಬೆಳೆಯುವುದನ್ನು ಚಿತ್ರ ಹೆಚ್ಚು ಮಾತಿಲ್ಲದೆ ತೋರಿಸುತ್ತದೆ.

ಒಂದು ಕಡೆ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಹುಟ್ಟುಹಬ್ಬದ ರಾತ್ರಿ ಜಾನ್, ಮಿಮಿ, ಜೂಲಿಯಾ ಮೂವರೂ ಎದುರುಬದುರಾಗಿ, ಅವನು ಐದು ವರ್ಷದವನಿದ್ದಾಗ ಬ್ಲ್ಯಾಕ್‌ಪೂಲಿನಲ್ಲಿ ತಂದೆ ತಾಯಿಯರ ನಡುವೆ ಒಬ್ಬರನ್ನು ಆರಿಸಿಕೊಳ್ಳಬೇಕಾಗಿ ಬಂದದ್ದು ಮೊದಲಾದ ಗುಟ್ಟುಗಳೆಲ್ಲ ಒಂದೇ ಉಸಿರಿಗೆ ಹೊರಬೀಳುತ್ತವೆ. ನಾಟಕಕ್ಕೆ ಅದು ಬೇಕು ನಿಜ. ಮನೆಗಳಲ್ಲಿ ಸತ್ಯ ಹಾಗೆ ಬರುವುದಿಲ್ಲ. ಒಂದು ಮದುವೆಯಲ್ಲಿ ಇಷ್ಟು, ಒಂದು ತಿಥಿಯಲ್ಲಿ ಅಷ್ಟು ಎಂದು ತೊಟ್ಟಿಕ್ಕುತ್ತದೆ. ವಾಸ್ತವದಲ್ಲಿ ಜೂಲಿಯಾ ಅಕ್ಕನ ಮನೆಗೆ ಬಂದುಹೋಗುತ್ತಿದ್ದಳು, ಚಿತ್ರದಲ್ಲಿರುವಷ್ಟು ಗೋಡೆ ಅವರ ನಡುವೆ ಇರಲಿಲ್ಲ. ಜಾನ್ ಪಾಲ್‌ನಿಗೆ ಗುದ್ದುವ ದೃಶ್ಯವೊಂದಿದೆ, ಅಂಥದ್ದು ನಡೆದೇ ಇಲ್ಲವೆಂದು ಸ್ವತಃ ಪಾಲ್ ಹೇಳಿದ್ದಾರೆ. ಮಿಮಿ ಅಷ್ಟೊಂದು ಕಠಿಣಳಾಗಿರಲಿಲ್ಲ ಎಂಬುದೂ ಅವರ ಆಕ್ಷೇಪವಾಗಿತ್ತು.

ಗೋಡೆ ಇರಲಿಲ್ಲವೆಂಬುದಕ್ಕೆ ಸಾಕ್ಷಿಯೆಂದರೆ ಜೂಲಿಯಾಳ ಸಾವೇ. 1958ರ ಜುಲೈ 15ರ ಸಂಜೆ ಅವಳು ಮೆಂಡಿಪ್ಸಿನಲ್ಲಿ ಅಕ್ಕನೊಂದಿಗೆ ಮಾತಾಡಿ ಹೊರಟಿದ್ದಳು. ಜಾನ್‌ನ ಗೆಳೆಯನೊಬ್ಬ ಸ್ವಲ್ಪ ದೂರ ಜೊತೆಯಲ್ಲಿ ನಡೆದು ಬೀಳ್ಕೊಟ್ಟ. ಬಸ್ಸು ಹಿಡಿಯಲು ರಸ್ತೆ ದಾಟುವಾಗ ಕಾರೊಂದು ಬಡಿದು ಅವಳು ಅಲ್ಲಿಯೇ ತೀರಿಕೊಂಡಳು. ನಲವತ್ತನಾಲ್ಕು ವರ್ಷ. ಆ ಹೊತ್ತಿನಲ್ಲಿ ಹದಿನೇಳರ ಜಾನ್ ಅವಳ ಮನೆಯಲ್ಲಿ ಅವಳ ಬರವಿಗಾಗಿ ಕಾಯುತ್ತಿದ್ದ. ಪುಟ್ಟ ಹೆಣ್ಣುಮಕ್ಕಳಿಬ್ಬರಿಗೆ ವಾರಗಳ ಕಾಲ ತಾಯಿ ಸತ್ತದ್ದನ್ನೇ ಹೇಳಿರಲಿಲ್ಲ. ಅವರಲ್ಲಿ ಹಿರಿಯಳೇ ಮುಂದೆ ಆ ಪುಸ್ತಕ ಬರೆದವರು.

ಮಗ ಆ ದುಃಖವನ್ನು ಹತ್ತು ವರ್ಷ ಹೊತ್ತು ತಿರುಗಿ, ಹಾಡಾಗಿ ಇಳಿಸಿದ ಜಾಗ ನಮ್ಮ ದೇಶದ್ದು. 1968ರಲ್ಲಿ ಬೀಟಲ್ಸ್ ತಂಡದವರು ಮಹರ್ಷಿ ಮಹೇಶ ಯೋಗಿಯವರಲ್ಲಿ ಧ್ಯಾನ ಕಲಿಯಲು ಹೃಷಿಕೇಶಕ್ಕೆ ಬಂದಿದ್ದರು. ಜೊತೆಗಿದ್ದ ಡೊನೊವನ್ ಎಂಬ ಗಾಯಕನಿಂದ ತಂತಿಯನ್ನು ಬೆರಳುಗಳಿಂದ ಮೀಟುವ ಹೊಸ ಕ್ರಮವೊಂದನ್ನು ಕಲಿತು, ಗಂಗೆಯ ದಂಡೆಯ ಆ ಆಶ್ರಮದಲ್ಲಿ ಜಾನ್ ತಾಯಿಯ ಹೆಸರಿನ ಹಾಡನ್ನು ಕಟ್ಟಿದ. 1970ರಲ್ಲಿ ತಾಯಿಯ ಕುರಿತು ಮತ್ತೊಂದು ಹಾಡು ಬಂತು. ಪತ್ನಿ ಯೋಕೊ ಓನೊ ಅವರ ಅನುಮತಿಯಿಂದ ಚಿತ್ರದ ಕೊನೆಯಲ್ಲಿ ಅದನ್ನು ಬಳಸಿಕೊಂಡಿದ್ದಾರೆ. ಅದನ್ನು ಹಾಡೆನ್ನಬೇಕೋ ಕೂಗೆನ್ನಬೇಕೋ ನನಗೆ ತಿಳಿಯಲಿಲ್ಲ. ಮೊದಲು ಗಂಟೆಯ ಸದ್ದು, ಕೊನೆಯಲ್ಲಿ ಗಂಟಲು ಹರಿಯುವಂಥ ಕರೆ.

ಅದಕ್ಕೂ ಮುಂಚೆ ಚಿತ್ರದಲ್ಲಿ ಒಂದು ಸಣ್ಣ ದೃಶ್ಯವಿದೆ. 1960. ಜಾನ್ ತಂಡದೊಂದಿಗೆ ಜರ್ಮನಿಯ ಹ್ಯಾಂಬರ್ಗಿಗೆ ಹೊರಟಿದ್ದಾನೆ. ಪ್ರಯಾಣದ ಕಾಗದಕ್ಕೆ ಮಿಮಿಯ ಸಹಿ ಬೇಕು. ತಾನು ಎಲ್ಲಿ ಸಹಿ ಹಾಕಬೇಕು, ತಾಯಿಯ ಜಾಗದಲ್ಲೋ ಪೋಷಕರ ಜಾಗದಲ್ಲೋ ಎಂದು ಅವಳು ಕೇಳುತ್ತಾಳೆ. ಎರಡೂ ಕಡೆ ಎನ್ನುತ್ತಾನೆ ಹುಡುಗ. ಅಷ್ಟೇ, ಯಾರೂ ಅಳುವುದಿಲ್ಲ. ಅವನು ಹ್ಯಾಂಬರ್ಗ್ ತಲುಪಿದೊಡನೆ ಮಿಮಿಗೆ ದೂರವಾಣಿ ಮಾಡಿದ, ಜೀವನದುದ್ದಕ್ಕೂ ವಾರಕ್ಕೊಮ್ಮೆ ಮಾಡುತ್ತಲೇ ಇದ್ದ ಎಂದು ಪರದೆಯ ಮೇಲೆ ಅಕ್ಷರಗಳು ಮೂಡುತ್ತವೆ. ಮಿಮಿ ಅವನಿಗಿಂತ ಹನ್ನೊಂದು ವರ್ಷ ಹೆಚ್ಚು ಬದುಕಿ 1991ರ ಡಿಸೆಂಬರಿನಲ್ಲಿ ತೀರಿಕೊಂಡಳು. ಮೆಂಡಿಪ್ಸ್ ಮನೆಯನ್ನು 2002ರಲ್ಲಿ ಯೋಕೊ ಓನೊ ಕೊಂಡು ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಒಪ್ಪಿಸಿದರು. ಈಗ ಜನ ಹೋಗಿ ನೋಡಿಬರುತ್ತಾರೆ.

ಸಹಿಯ ಆ ದೃಶ್ಯವನ್ನು ಎರಡನೆಯ ಸಲ ಹಾಕಿಸಿ ನೋಡಿದೆ. ನನ್ನ ವಿದ್ಯಾರ್ಥಿನಿ ಏನೂ ಕೇಳಲಿಲ್ಲ.

ಅಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಡೆದ ಒಂದು ಸಂಗತಿಯನ್ನು ಮೇಲೆ ಬರೆಯಲಿಲ್ಲ. ದೊಡ್ಡಮ್ಮ ನನ್ನಿಂದ ಪೆನ್ನು ಕೇಳಿ ಪಡೆದರು. ಕಾರ್ಡನ್ನು ಗೋಡೆಗೆ ಒತ್ತಿ ಹಿಡಿದು, ನಾನು ಕೆಂಪು ಗೆರೆ ಎಳೆದಿದ್ದ ತಂಗಿಯ ಸಹಿಯ ಕೆಳಗೆ, ಅದಕ್ಕೆ ತಾಗದಂತೆ, ತಮ್ಮ ದುಂಡನೆಯ ಅಕ್ಷರಗಳಲ್ಲಿ ಸಹಿ ಹಾಕಿದರು. ಪೆನ್ನನ್ನು ಮುಚ್ಚಳ ಹಾಕಿ ಹಿಂದಿರುಗಿಸಿದರು. ಹುಡುಗನ ತಲೆ ಮುಟ್ಟಿ, "ನಡಿ, ಕ್ಲಾಸಿಗೆ ಹೋಗು" ಎಂದರು. ನಾನು ಆ ಕಾರ್ಡನ್ನು ಇತರ ಕಾರ್ಡುಗಳ ಜೊತೆ ಕಟ್ಟಿ ಬೀರುವಿನಲ್ಲಿಟ್ಟೆ. ಆ ಹುಡುಗನಿಗೆ ಈಗ ನಲವತ್ತೆಂಟರ ಆಸುಪಾಸು. ಅವನು ಹೇಳಿದ್ದು ನಿಜವೆಂದು ಅವನ ತರಗತಿಯ ಎದುರಿಗೆ ನಾನು ಎಂದೂ ಹೇಳಲಿಲ್ಲ. ಆ ತರಗತಿಯ ಹಲವರು ಇದನ್ನು ಓದುತ್ತೀರಿ. ಈಗ ಹೇಳುತ್ತಿದ್ದೇನೆ: ಆ ಸಹಿ ಅವನ ಅಮ್ಮನದೇ ಆಗಿತ್ತು.